ಕಿಟ್ಟಿಯ ಎಡಗೆನ್ನೆ

ನಾನು ದಾಗಿಸ್‌ನಲ್ಲಿ ಕೆಲಸ ಮಾಡುವವಳು. ದಾಗಿಸ್ ಎಂದರೆ ಇಲ್ಲಿ ಸ್ವೀಡನ್ನಿನ ಶಿಶುವಿಹಾರ. ಚಳಿಗಾಲದಲ್ಲಿ ನಮ್ಮ ಕೆಲಸ ಅರ್ಧ ಆಟಪಾಠವಾದರೆ ಇನ್ನರ್ಧ ಬಟ್ಟೆ ತೊಡಿಸುವುದು. ಮಳೆ ಬರಲಿ, ಹಿಮ ಬೀಳಲಿ, ಮಕ್ಕಳು ಹೊರಗೆ ಆಡಲೇಬೇಕೆಂದು ಈ ದೇಶದವರ ಹಟ. ಹಾಗಾಗಿ ಒಂದೊಂದು ಮಗುವಿಗೂ ಓವರಾಲ್, ಟೋಪಿ, ಬೂಟು, ಕಳೆದುಹೋಗದಂತೆ ದಾರ ಕಟ್ಟಿದ ಕೈಗವಸು. ಕೊನೆಯ ಮಗುವಿನ ಜಿಪ್ ಎಳೆಯುವ ಹೊತ್ತಿಗೆ ಮೊದಲನೆಯದಕ್ಕೆ ಉಚ್ಚೆ ಬಂದಿರುತ್ತದೆ. ವರ್ಷಗಟ್ಟಲೆ ಇದನ್ನೇ ಮಾಡಿದ ನನಗೆ ಒಂದು ವಿಮಾನಕ್ಕೆ ಬಟ್ಟೆ ತೊಡಿಸುವುದು ಯಾವ ಮಹಾ ಎಂಬ ಜಂಬವಿತ್ತು.

ವಿಮಾನ ನಮ್ಮದೇ. ಹೀಗೆಂದ ಕೂಡಲೇ ಕೇಳಿದವರ ಹುಬ್ಬು ಮೇಲೇರುತ್ತದೆ. ಗೋಥೆನ್‌ಬರ್ಗ್‌ನ ಕನ್ನಡ ಕೂಟದಲ್ಲಂತೂ ಒಂದು ಯುಗಾದಿಯ ದಿನ ನಮ್ಮನ್ನು ಅರಮನೆಯವರ ಹಾಗೆ ನೋಡಿದರು. ನಿಜ ಏನೆಂದರೆ ಅದು ನಾಲ್ಕು ಸೀಟಿನ ಹಳೇ ವಿಮಾನ, ನಮ್ಮ ಮಗಳು ಅಹನಾಗಿಂತ ವಯಸ್ಸಿನಲ್ಲಿ ದೊಡ್ಡದು. ಪಕ್ಕದ ಮನೆಯವರ ಕ್ಯಾರವಾನ್ ಅದಕ್ಕಿಂತ ಹೊಸದು. ನನ್ನ ಗಂಡ ರಾಮದಾಸ ಇಲ್ಲಿ ಟ್ರೋಲ್‌ಹೆಟ್ಟನ್‌ನ ಎಂಜಿನ್ ಕಾರ್ಖಾನೆಯಲ್ಲಿ ಎಂಜಿನಿಯರ್. ವಾರವಿಡೀ ದೊಡ್ಡ ವಿಮಾನಗಳ ಎಂಜಿನ್ ಜೊತೆ ಗುದ್ದಾಡಿ, ಶನಿವಾರ ಈ ಸಣ್ಣದನ್ನು ಹಾರಿಸುತ್ತಿದ್ದರು. ಅದರ ಮೈಮೇಲೆ ಬರೆದ ಅಕ್ಷರಗಳಲ್ಲಿ ಕೊನೆಯ ಮೂರು ಕೆ, ಐ, ಟಿ. ಅದಕ್ಕೇ ಇವರು ಕಿಟ್ಟಿ ಎಂದು ಕರೆದರು. ನಾನು ತಗಡಿನ ಡಬ್ಬ ಎಂದು ಕರೆದೆ.

ಒಂದು ದಿನವೂ ನಾನು ಅದರೊಳಗೆ ಕೂತಿರಲಿಲ್ಲ. ಭಯ ಒಂದು ಕಾರಣ. ಹೊಟ್ಟೆಕಿಚ್ಚು ಇನ್ನೊಂದು. ಅದರ ಮೈ ಒರೆಸುವಾಗ ಇವರ ಮುಖದಲ್ಲಿ ಕಾಣುತ್ತಿದ್ದ ಕಳೆ, ನಾನು ಹೊಸ ಸೀರೆ ಉಟ್ಟು ಎದುರು ನಿಂತಾಗಲೂ ಕಂಡಿದ್ದಿಲ್ಲ. "ನಿಂಗೆ ಸವತಿ ಇದ್ದಾಳೆ ಬಿಡು ನಳಿನಿ" ಎಂದು ಗೆಳತಿಯರು ರೇಗಿಸುತ್ತಿದ್ದರು. ನಾನೂ ನಗುತ್ತಿದ್ದೆ, ಆದರೆ ಪೂರ್ತಿಯಾಗಿ ಅಲ್ಲ.

ಆ ವರ್ಷ ಎರಡು ಕಷ್ಟ ಒಟ್ಟಿಗೆ ಬಂದವು. ಊರಾಚೆಯ ಹುಲ್ಲಿನ ಮೈದಾನದಲ್ಲಿ ಇವರ ವಿಮಾನದ ಕ್ಲಬ್ ಇದೆ. ಅಲ್ಲಿ ವಿಮಾನ ನಿಲ್ಲಿಸುವ ಹ್ಯಾಂಗರಿನ ಅರ್ಧ ಚಾವಣಿ ದುರಸ್ತಿಗೆ ಬಂತೆಂದು ಕೆಲವು ವಿಮಾನಗಳನ್ನು ಹೊರಗೆ ನಿಲ್ಲಿಸಿದರು, ಅದರಲ್ಲಿ ನಮ್ಮದೂ ಒಂದು. ಬೇರೆ ಕಡೆ ಜಾಗಕ್ಕೆ ಕ್ಯೂ. ಈ ದೇಶದಲ್ಲಿ ಮನೆಗೆ ಕ್ಯೂ, ದಾಗಿಸ್‌ಗೆ ಕ್ಯೂ, ವಿಮಾನ ನಿಲ್ಲಿಸುವುದಕ್ಕೆ ಇಲ್ಲದಿರುತ್ತದೆಯೇ? ಇವರು ಹೊದಿಕೆ, ಹಗ್ಗ ಎಂದು ಬಿಸಿಲು ಮಳೆಗೆ ಏನೇನು ಬೇಕೋ ಎಲ್ಲ ತರಿಸಿದರು. ಅದನ್ನು ಬಿಚ್ಚಿ ನೋಡುವ ಮೊದಲೇ, ನವೆಂಬರಿನಲ್ಲಿ, ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡು ಕುಳಿತರು. ಬೈಪಾಸ್ ಆಯಿತು. ಮನೆಗೆ ಬಂದವರು ನನ್ನ ರಾಮದಾಸರೇ, ಆದರೆ ಒಂದು ಸೈಜ್ ಚಿಕ್ಕವರಾಗಿದ್ದರು. ಹಾಲಿನ ಪ್ಯಾಕೆಟ್‌ಗಿಂತ ಭಾರದ್ದನ್ನು ಎತ್ತುವಂತಿರಲಿಲ್ಲ. ಕಿಟಕಿಯ ಬಳಿ ಕೂತು ಫೋನಿನಲ್ಲಿ ಹವಾಮಾನ ನೋಡುವುದೊಂದೇ ಕೆಲಸವಾಯಿತು.

"ಗಾಳಿ ಜಾಸ್ತಿ ಆಗುತ್ತೆ ನಳಿನಿ. ಅದನ್ನ ಸರಿಯಾಗಿ ಕಟ್ಟಿಲ್ಲ," ಎಂದರು ಒಂದು ಸಂಜೆ. ಗೊಣಗಿದ್ದಲ್ಲ, ಬೇಡಿದ್ದೂ ಅಲ್ಲ. ಸುಮ್ಮನೆ ಹೇಳಿದರು. ಆ ಧ್ವನಿ ಕೇಳಿ ನನಗೆ ಅಳು ಬಂತು. ಅಳು ಬಂದರೆ ನಾನು ಸಿಡುಕುವುದು.

"ಸರಿ ಏಳಿ. ಜಾಕೆಟ್ ಹಾಕ್ಕೊಳ್ಳಿ. ನೀವು ಕಾರಲ್ಲೇ ಕೂತಿರ್ಬೇಕು, ಇಳಿದ್ರೆ ನೋಡಿ ಮತ್ತೆ!"

ಹೀಗೆ ಶುರುವಾಯಿತು. ಇವರು ಹೀಟರ್ ಹಾಕಿಕೊಂಡು ಕಾರಿನಲ್ಲಿ, ನಾನು ಏಣಿಯ ಮೇಲೆ, ನನ್ನ ಟೋಪಿಯೊಳಗೆ ಸಿಕ್ಕಿಸಿದ ಫೋನಿನಲ್ಲಿ ಇವರ ಧ್ವನಿ. ಕಿಟ್ಟಿ ತಲೆಯ ಮೇಲೆ ರೆಕ್ಕೆ ಇರುವ ಜಾತಿ. ಎರಡು ರೆಕ್ಕೆಗೂ ಬಾಲಕ್ಕೂ ಹಗ್ಗ ಕಟ್ಟಿ, ನೆಲದಲ್ಲಿ ಹೂತ ಕಬ್ಬಿಣದ ಬಳೆಗಳಿಗೆ ಬಿಗಿಯಬೇಕು. ಚಕ್ರಗಳಿಗೆ ಹಿಂದೆ ಮುಂದೆ ಮರದ ತುಂಡು. ಒಳಗೆ ಸ್ಟಿಯರಿಂಗಿಗೆ ಒಂದು ಸರಳು ಚುಚ್ಚಿ ಅಲುಗಾಡದಂತೆ ಮಾಡದಿದ್ದರೆ ಗಾಳಿ ಬಾಲವನ್ನು ಆಚೀಚೆ ಬಡಿದು ಕೀಲು ಮುರಿಯುತ್ತದೆ. ರೆಕ್ಕೆಯ ಕೆಳಗೊಂದು ಸಣ್ಣ ಕೊಳವೆ ಇದೆ, ಅದರ ಬಾಯಿಗೆ ಕೆಂಪು ಪಟ್ಟಿಯ ಚೀಲ. "ಅದು ತುಂಬಾ ಇಂಪಾರ್ಟೆಂಟ್, ಅದರೊಳಗೆ ನೀರು ಹುಳ ಏನೂ ಹೋಗ್ಬಾರ್ದು," ಎಂದರು. ಸರಿ, ಅದು ಕೈಗವಸು. ಕೊನೆಗೆ ಮೂತಿಯಿಂದ ಬಾಲದವರೆಗೆ ಹೊದಿಕೆ. ಅದು ಓವರಾಲ್. ನಾನು ದಾಗಿಸ್‌ನ ಮಕ್ಕಳಿಗೆ ಹೇಳುವ ಹಾಗೆಯೇ ಒಂದೊಂದೇ ಕೈ, ಒಂದೊಂದೇ ಕಾಲು ಎಂದು ತೊಡಿಸಿದೆ. ಮಕ್ಕಳಿಗಿಂತ ಇದು ವಾಸಿ, ಓಡಿಹೋಗುವುದಿಲ್ಲ.

ಇಲಿ ಸೇರುತ್ತದೆ ಎಂದರು ಇವರು. ಬೆಂಗಳೂರಿನಿಂದ ತಂದ ನುಸಿಗುಳಿಗೆ ಮನೆಯಲ್ಲಿತ್ತು, ಸೀಟುಗಳ ಕೆಳಗೆಲ್ಲ ಇಟ್ಟೆ. ಅಂದಿನಿಂದ ಆ ವಿಮಾನದಲ್ಲಿ ನಮ್ಮಜ್ಜಿಯ ಟ್ರಂಕಿನ ವಾಸನೆ.

ಶನಿವಾರ ಬಂತೆಂದರೆ ನಾವು ಹೊರಡುವುದು ರೂಢಿಯಾಯಿತು. ಹೊದಿಕೆ ಒದ್ದೆಯಾಗಿದ್ದರೆ ತೆಗೆದು, ಕೊಡವಿ, ಮೈ ಒರೆಸಿ ಮತ್ತೆ ಹಾಕಬೇಕು, ಇಲ್ಲದಿದ್ದರೆ ಅದು ಹೆಪ್ಪುಗಟ್ಟಿ ಬಣ್ಣಕ್ಕೇ ಅಂಟಿಕೊಳ್ಳುತ್ತದೆ. ಹಗ್ಗ ಸಡಿಲವಾಗಿದೆಯೇ ನೋಡಬೇಕು. ನಾನು ಬಾಯಿ ಬಿಟ್ಟರೆ "ಈ ದರಿದ್ರ ಡಬ್ಬ" ಎನ್ನುತ್ತಿದ್ದೆ. ಆದರೆ ಒಂದು ವಿಷಯ ಗಮನಿಸಿದ್ದೆ. ಕಾರು ಆ ಮೈದಾನಕ್ಕೆ ತಿರುಗಿದ ಕೂಡಲೇ ಇವರ ಬೆನ್ನು ನೆಟ್ಟಗಾಗುತ್ತಿತ್ತು. ಮನೆಯಲ್ಲಿ ಮಾತ್ರೆ ಎಣಿಸುವ ಮನುಷ್ಯ ಅಲ್ಲಿ "ಎಡಕ್ಕೆ! ಇನ್ನೂ ಬಿಗಿ! ಆ ಗಂಟು ಸರಿ ಇಲ್ಲ!" ಎಂದು ಅಬ್ಬರಿಸುತ್ತಿದ್ದರು. ವಾಪಸ್ಸು ಬಂದು ಎರಡು ಚಪಾತಿ ಹೆಚ್ಚು ತಿನ್ನುತ್ತಿದ್ದರು. ಕಿಟ್ಟಿ ಇರುವ ತನಕ ಇವರು ಪೈಲಟ್. ಕಿಟ್ಟಿ ಹೋದರೆ ಬರೀ ಪೇಷಂಟ್. ಇದು ನನಗೆ ಮನವರಿಕೆಯಾಗುತ್ತಾ ಬಂತು. ಆದರೆ ಇಷ್ಟು ವರ್ಷ ಡಬ್ಬ ಎಂದು ಬೈದ ಬಾಯಲ್ಲಿ ಹೇಗೆ ಹೇಳಲಿ? ನನಗೂ ಒಂದು ಮರ್ಯಾದೆ ಎಂಬುದಿದೆಯಲ್ಲ.

ಜನವರಿಯಲ್ಲಿ ಒಂದು ಬೆಳಿಗ್ಗೆ ಹೋದಾಗ ಕಿಟ್ಟಿ ಬಾಲದ ಮೇಲೆ ಕೂತಿತ್ತು. ರಾತ್ರಿಯೆಲ್ಲ ಒದ್ದೆ ಹಿಮ ಬಿದ್ದು, ಹೊದಿಕೆ ಮುಂದಿನಿಂದ ಜಾರಿ, ಬಾಲದ ಮೇಲೆ ಭಾರ ಹೆಚ್ಚಾಗಿ, ಮುಂದಿನ ಚಕ್ರ ಗಾಳಿಯಲ್ಲಿ, ಮೂತಿ ಆಕಾಶಕ್ಕೆ. ಹಿಮದಲ್ಲಿ ಕುಂಡೆ ಊರಿ ಕುಳಿತು ಏಳಲಾರದೆ ನಮ್ಮನ್ನೇ ನೋಡುವ ಮಕ್ಕಳಿರುತ್ತವಲ್ಲ, ಥೇಟ್ ಹಾಗೆ. ಓಡಿದೆ. ಕಾರಿನ ಗಾಜು ಕೆರೆಯುವ ಪ್ಲಾಸ್ಟಿಕ್ ಪಟ್ಟಿ ಕೈಯಲ್ಲಿತ್ತು, ಅದರಿಂದಲೇ ಕಿಟಕಿಯ ಹಿಮ ಕೆರೆಯಲು ಹೋದರೆ ಹಿಂದಿನಿಂದ ಕಾರಿನ ಹಾರ್ನ್ ಒಂದೇ ಸಮ ಬಡಿದುಕೊಂಡಿತು. ಫೋನ್ ಚಳಿಗೆ ಸತ್ತಿತ್ತು, ಪಾಪ, ಇವರು ಇನ್ನೇನು ಮಾಡಿಯಾರು? ಕೈಯಾಡಿಸಿ ಬೇಡ ಬೇಡ ಎಂದರು. ಆ ಕಿಟಕಿ ಗಾಜಲ್ಲ, ಪ್ಲಾಸ್ಟಿಕ್, ಗೀರು ಬೀಳುತ್ತದೆ ಎಂದು ಮೊದಲೇ ಹೇಳಿದ್ದು ಆಗ ನೆನಪಾಯಿತು.

ಮೆತ್ತನೆಯ ಪೊರಕೆ ತಂದು ಬಾಲದ ಕಡೆಯಿಂದ ಹಿಮ ತಳ್ಳುತ್ತಾ ಬಂದೆ. ಫೋನಿಲ್ಲ, ಕೇಳುವವರಿಲ್ಲ. ಬಾಯಿ ತಾನಾಗಿ ಆಡಿತು. "ಏಳೋ ಕಿಟ್ಟಿ, ಏಳು ಬಂಗಾರ. ಏನೂ ಆಗಿಲ್ಲ. ಯಾರೂ ನೋಡ್ಲಿಲ್ಲ, ಏಳು ಪುಟ್ಟ." ಕೊನೆಯ ಮುದ್ದೆ ಜಾರಿ ಬಿದ್ದದ್ದೇ, ಅವನು ನಿಧಾನವಾಗಿ ಮೂತಿ ತಗ್ಗಿಸಿ ಮುಂದಿನ ಚಕ್ರ ಊರಿದ. ಬಗ್ಗಿ ಎಲ್ಲ ಕಡೆ ನೋಡಿದೆ. ಪುಣ್ಯಕ್ಕೆ ಎಲ್ಲೂ ಏಟಾಗಿರಲಿಲ್ಲ. ಅವನ ಮೂತಿಗೆ ಕೆನ್ನೆ ಒತ್ತಿ ಸ್ವಲ್ಪ ಹೊತ್ತು ನಿಂತೆ. ಕಾರಿಗೆ ಮರಳಿದಾಗ ಇವರ ಮುಖ ಬಾಡಿತ್ತು. "ಸಾರಿ ನಳಿನಿ," ಎಂದರು. ಯಾಕೆಂದು ನನಗೆ ತಿಳಿಯಲಿಲ್ಲ. ಕೈ ಮರಗಟ್ಟಿತ್ತು, ಕೇಳಲೂ ಇಲ್ಲ.

ಏಪ್ರಿಲಿನಲ್ಲಿ ಪೈಲಟ್‌ಗಳನ್ನು ಪರೀಕ್ಷಿಸುವ ಡಾಕ್ಟರ್ ಇವರನ್ನು ನೋಡಿದರು. ಇನ್ನು ಒಬ್ಬರೇ ಹಾರಿಸುವಂತಿಲ್ಲ, ಪಕ್ಕದಲ್ಲಿ ಲೈಸೆನ್ಸ್ ಇರುವ ಇನ್ನೊಬ್ಬರು ಕೂತಿದ್ದರೆ ಆಗಬಹುದು ಎಂದರು. ಕ್ಲಬ್ಬಿನ ಬರ್ಟಿಲ್, ರಿಟೈರಾದ ಮೇಷ್ಟರು, ತಾನೇ ಕೂರುತ್ತೇನೆಂದು ಮುಂದೆ ಬಂದರು. ನಾನು ಒಳಗೊಳಗೇ ಹಿಗ್ಗಿದೆ. ಆದರೆ ಅಂದು ರಾತ್ರಿ ಊಟಕ್ಕೆ ಕೂತಾಗ ಇವರು ತಟ್ಟೆ ನೋಡುತ್ತಾ ಹೇಳಿದರು:

"ಮಾರಿಬಿಡೋಣ ನಳಿನಿ. ಹ್ಯಾಂಗರ್ ಸಿಗೋಕೆ ಇನ್ನೂ ಎರಡು ವರ್ಷ ಅಂತೆ. ಸ್ಟಾಕ್‌ಹೋಮ್‌ನಿಂದ ಒಬ್ಬ ಕೇಳ್ತಿದ್ದಾನೆ. ಏನಂತೀಯಾ?"

ಬೇಡ ಎನ್ನುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಇವರಿಗೇ ಹಾರುವುದಕ್ಕೆ ಭಯವಾಗಿದೆಯೇನೋ ಎನಿಸಿತು. ಎದೆ ಕೊಯ್ಸಿಕೊಂಡ ಮನುಷ್ಯನನ್ನು ಬಲವಂತವಾಗಿ ಆಕಾಶಕ್ಕೆ ಕಳಿಸಲು ನಾನ್ಯಾರು?

"ನಿಮ್ಮಿಷ್ಟ," ಎಂದೆ.

ನಮ್ಮ ಮನೆಯಲ್ಲಿ ನಿಮ್ಮಿಷ್ಟ ಎಂಬುದಕ್ಕೆ ಹತ್ತು ಅರ್ಥ. ಆಗಲಿ ಎಂದೂ ಆಗುತ್ತದೆ, ಹಾಳಾಗಿ ಹೋಗಿ ಎಂದೂ ಆಗುತ್ತದೆ. ಇಷ್ಟು ವರ್ಷ ಜೊತೆಗಿದ್ದವರು ಧ್ವನಿ ನೋಡಿ ತಿಳಿಯಬೇಕು. ಇವರು ತಲೆ ಎತ್ತಲಿಲ್ಲ, ಸರಿ ಎಂದುಬಿಟ್ಟರು.

ಗೋಥೆನ್‌ಬರ್ಗ್‌ನ ಲಿಂಡ್‌ಹೋಲ್ಮೆನ್‌ನಲ್ಲಿ ಕೆಲಸ ಮಾಡುವ ಅಹನಾಗೆ ಫೋನ್ ಹಚ್ಚಿ ಅತ್ತೆ. "ಮಮ್ಮಾ, ಸ್ನೆಲ್ಲಾ," ಎಂದು ಸ್ವೀಡಿಷ್‌ನಲ್ಲಿ ಗೋಗರೆದಳು, "ನೀನೇ ಪಪ್ಪಾಗೆ ಹೇಳು!" ಅವಳಿಗೇನು ಗೊತ್ತು. ಮನಸ್ಸಿನಲ್ಲಿದ್ದುದನ್ನು ನೇರವಾಗಿ ಹೇಳುವುದನ್ನು ದಾಗಿಸ್‌ನಲ್ಲಿ ಮಕ್ಕಳಿಗೆಲ್ಲ ಕಲಿಸುವವಳು ನಾನೇ, ಕಲಿಯದೆ ಉಳಿದವಳೂ ನಾನೇ.

ಆ ಸ್ಟಾಕ್‌ಹೋಮಿನವನು ಬರುವ ಹಿಂದಿನ ದಿನ ಕ್ಲಬ್ಬಿನಲ್ಲಿ ವಸಂತದ ಸ್ವಚ್ಛತೆ. ಎಲ್ಲರೂ ಸೇರಿ ಕಸ ಗುಡಿಸಿ, ಆಮೇಲೆ ಕಾಫಿ, ದಾಲ್ಚಿನ್ನಿ ಬನ್ನು. ಇದಕ್ಕೆ ಫೀಕಾ ಎನ್ನುತ್ತಾರೆ, ಇಲ್ಲಿಯವರ ಪಾಲಿಗೆ ಇದು ಮಧ್ಯಾಹ್ನದ ಪೂಜೆ. ನಾನು ಕಿಟ್ಟಿಯ ಓವರಾಲ್ ಬಿಚ್ಚಿ ಮಡಿಸಿ ಇಟ್ಟೆ. ಬಿಳಿ ಮೈ, ನೀಲಿ ಗೆರೆ, ಬಿಸಿಲಿಗೆ ಮಿರಿಮಿರಿ. ಅಕ್ಕಪಕ್ಕದ ವಿಮಾನಗಳ ಸ್ಥಿತಿ ನೋಡುವಂತಿರಲಿಲ್ಲ. ಫೆಬ್ರವರಿಯ ಬಿರುಗಾಳಿಗೆ ಒಂದರ ಕಿಟಕಿ ಒಡೆದಿತ್ತು, ಇನ್ನೊಂದರ ಬಾಲ ಸೊಟ್ಟಗಾಗಿತ್ತು. ಎಲ್ಲರೂ ಕಾಫಿ ಹಿಡಿದು ಕಿಟ್ಟಿಯ ಸುತ್ತ ನಿಂತರು. "ಒಂದು ಗೀರಿಲ್ಲ! ಇಡೀ ಮೈದಾನದಲ್ಲಿ ಇಂಥದ್ದು ಇನ್ನೊಂದಿಲ್ಲ, ನಳಿನಿ!" ಎಂದು ಬರ್ಟಿಲ್ ಕೂಗಿದರು. ಅವರಿಗೇ ಅಳುಕಾಯಿತೇನೋ, "ಪೆಪ್ಪರ್, ಪೆಪ್ಪರ್, ತಾ ಇ ತ್ರೇ," ಎನ್ನುತ್ತಾ ಮೇಜಿನ ಮೇಲೆ ಬೆರಳು ಬಡಿದರು. ಹೊಗಳಿದ್ದು ತಿರುಗಿ ಬೀಳದಿರಲೆಂದು ಇಲ್ಲಿಯವರು ಮೆಣಸಿನ ಹೆಸರು ಹೇಳಿ ಮರ ಮುಟ್ಟುತ್ತಾರೆ. ನಾವು ಮೆಣಸಿನಕಾಯಿ ನೀವಾಳಿಸಿ ಬೆಂಕಿಗೆ ಹಾಕುತ್ತೇವೆ, ಅಷ್ಟೇ ವ್ಯತ್ಯಾಸ. ಆದರೆ ಆ ಮೇಜು ಪ್ಲಾಸ್ಟಿಕ್ಕಿನದು!

ನನಗೆ ಸಮಾಧಾನವಾಗಲಿಲ್ಲ. ಅಷ್ಟು ಜನರ ಕಣ್ಣು, ಅಷ್ಟು ಬಾಯಿಯ ಹೊಗಳಿಕೆ, ಮರವಲ್ಲದ ಮೇಜು. ನನ್ನ ಬ್ಯಾಗಿನಲ್ಲಿ ಅಕ್ಕ ಕಳಿಸಿದ ಹರಳೆಣ್ಣೆ ಕಾಡಿಗೆಯ ಡಬ್ಬಿ ಯಾವಾಗಲೂ ಇರುತ್ತದೆ. ಅಹನಾ ಮಗುವಾಗಿದ್ದಾಗ ದಿನಾ ಅವಳ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟು ದಾಗಿಸ್‌ಗೆ ಕಳಿಸುತ್ತಿದ್ದೆ. ಆಗಿನ ಟೀಚರ್ ಕೊಳೆ ಎಂದುಕೊಂಡು ದಿನಾ ಒರೆಸಿ ಕಳಿಸುತ್ತಿದ್ದಳು. ಒಂದು ದಿನ ಸೋತು ಬಿಟ್ಟುಬಿಟ್ಟೆ. ಈಗ ಎಲ್ಲರೂ ಎರಡನೇ ಸುತ್ತಿನ ಕಾಫಿಗೆ ಹೋದಾಗ ಕಿಟ್ಟಿಯ ಎಡಕ್ಕೆ ಹೋದೆ. ಬಾಗಿಲಿಗಿಂತ ಮುಂದೆ, ಸರಿಯಾಗಿ ಕೆನ್ನೆಯ ಜಾಗದಲ್ಲಿ, ನಾಣ್ಯದಷ್ಟು ದೊಡ್ಡ ಲೋಹದ ಬಿಲ್ಲೆ, ಅದರ ನಡುವೆ ಸಣ್ಣ ಗುಳಿ. ಬೊಟ್ಟಿಗೆಂದೇ ಮಾಡಿಟ್ಟ ಹಾಗಿತ್ತು. ಬೆರಳ ತುಂಬ ಕಾಡಿಗೆ ತೆಗೆದು ಒತ್ತಿ ಇಟ್ಟೆ. "ನಾಳೆ ಯಾರ ಜೊತೆ ಹೋದ್ರೂ ಚೆನ್ನಾಗಿರಪ್ಪ," ಎಂದೆ.

ಮರುದಿನ ಬಂದವನ ಹೆಸರು ಹೋಕನ್. ಒಳ್ಳೆಯವನೇ, ಅದೇ ನನಗೆ ಸಿಟ್ಟು. ಬಾಗಿಲು ತೆಗೆದು ನುಸಿಗುಳಿಗೆಗೆ ಜೋರಾಗಿ ಸೀನಿದ, ಆಮೇಲೆ ನಕ್ಕ. ಹಾರಿಸಿ ನೋಡುವ ಮೊದಲು ವಿಮಾನವನ್ನು ಒಂದು ಸುತ್ತು ಮುಟ್ಟಿ ಮುಟ್ಟಿ ಪರೀಕ್ಷಿಸುವ ಪದ್ಧತಿ ಇದೆ. ಹೋಕನ್ ಮುಂದೆ, ಬರ್ಟಿಲ್ ಮತ್ತು ಇವರು ಹಿಂದೆ, ನಾನು ಎಲ್ಲರಿಗಿಂತ ಹಿಂದೆ ಹಗ್ಗ ಸುತ್ತುತ್ತಾ. ಎಡಗೆನ್ನೆಯ ಹತ್ತಿರ ಹೋಕನ್ ನಿಂತುಬಿಟ್ಟ.

"ಇದೇನಿದು? ಯಾರೋ ಟಾರು ಮೆತ್ತಿದ್ದಾರೆ!"

ಬರ್ಟಿಲ್ ಬಗ್ಗಿ ನೋಡಿ, ಹುಳ ಗೂಡು ಕಟ್ಟಿರಬೇಕು ಎಂದರು. ಯಾರೋ ಬೇಕೆಂದೇ ಮಾಡಿದ ಕಿತಾಪತಿ ಎಂದ ಹೋಕನ್. ಇವರು ಬೆರಳಿನಲ್ಲಿ ಮುಟ್ಟಿ ಮೂಗಿನ ಹತ್ತಿರ ಹಿಡಿದರು. ಹರಳೆಣ್ಣೆ ಕಾಡಿಗೆಯ ವಾಸನೆ ಟಾರಿಗೆ ಬರುತ್ತದೆಯೇ? ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಳಿನಿ, ಇದು ನೀನು ಇಟ್ಟಿದ್ದಾ?"

ಹೌದೆಂದು ತಲೆಯಾಡಿಸಿದೆ.

"ಇದು ವಿಮಾನ ಉಸಿರಾಡೋ ತೂತು ಕಣೇ. ಹೊರಗಿನ ಗಾಳಿ ಇಲ್ಲಿಂದ ಒಳಗೆ ಹೋಗಿ, ನಾವು ಎಷ್ಟು ಎತ್ತರದಲ್ಲಿದ್ದೀವಿ ಅಂತ ಮೀಟರ್‌ಗೆ ಹೇಳೋದು. ಇದು ಮುಚ್ಚಿದ್ರೆ ಮೇಲೆ ಹೋದ್ರೂ ಮೀಟರ್ ಇನ್ನೂ ನೆಲದ ಮೇಲೇ ಇದ್ದೀಯ ಅನ್ನುತ್ತೆ. ಸ್ಪೀಡೂ ತಪ್ಪು ತೋರಿಸುತ್ತೆ."

ಕೈಯಿಂದ ಹಗ್ಗ ಜಾರಿತು. ಇಡೀ ಚಳಿಗಾಲ ಗಾಳಿ, ಹಿಮ, ಇಲಿ ಎಲ್ಲದರಿಂದ ಕಾಪಾಡಿ, ಕೊನೆಗೆ ನಾನೇ ಅವನ ಉಸಿರು ಕಟ್ಟಿಸಿದ್ದೆ. ಇವರು ನೋಡದೆ ಹಾರಿದ್ದರೆ? ಅಲ್ಲೇ ಹುಲ್ಲಿನ ಮೇಲೆ ಕೂತೆ. "ನಂಗೆ ಗೊತ್ತಿರಲಿಲ್ಲ ರೀ. ಆ ತೂತು ಹೊದಿಕೆ ಒಳಗೇ ಇತ್ತಲ್ಲ, ನೀವು ಹೇಳೇ ಇಲ್ಲ. ನಿನ್ನೆ ಎಲ್ಲರೂ ಹೊಗಳಿದ್ರು. ಕಣ್ಣು ಬಿದ್ದೀತು ಅಂತ..."

ಬೈಯುತ್ತಾರೆಂದು ಕಾದೆ. ಇವರು ಮಂಡಿ ಹಿಡಿದುಕೊಂಡು ನನ್ನೆದುರು ಕುಕ್ಕರಗಾಲಿನಲ್ಲಿ ಕೂತರು.

"ಅಲ್ವೇ, ಮಾರೋ ವಸ್ತುಗೆ ಯಾರಾದ್ರೂ ದೃಷ್ಟಿಬೊಟ್ಟು ಇಡ್ತಾರಾ?"

ಮೂಗು ಒರೆಸಿಕೊಂಡೆ.

"ಆವತ್ತು ಹಿಮದಲ್ಲಿ, ಫೋನ್ ಆಫ್ ಆಗಿತ್ತು. ಕಾರಿಂದ ನೋಡಿದ್ರೆ ನೀನು ಗುಡಿಸ್ತಾ ಒಂದೇ ಸಮ ಬಾಯಾಡಿಸ್ತಿದ್ದೆ. ನನ್ನನ್ನೂ ಇದನ್ನೂ ಸೇರಿಸಿ ಶಾಪ ಹಾಕ್ತಿದ್ದೀಯ ಅಂದ್ಕೊಂಡೆ. ಪಾಪ, ನಂಗೋಸ್ಕರ ಎಷ್ಟು ಒದ್ದಾಡ್ತಾಳೆ, ಮಾರಿಬಿಟ್ರೆ ಇವಳಿಗಾದ್ರೂ ಬಿಡುಗಡೆ ಅಂತ..."

"ಶಾಪ ಅಲ್ಲ. ಏಳೋ ಬಂಗಾರ ಅಂತಿದ್ದೆ," ಎಂದೆ. ಹೇಳುವಾಗಲೇ ಅಳು ಒತ್ತರಿಸಿತು. "ನಿಮಗೆ ಭಯ ಆಗಿದೆ ಅದಕ್ಕೇ ಮಾರ್ತಿದ್ದೀರಿ ಅಂತ ನಾನು ಅಂದ್ಕೊಂಡೆ. ಅವನಿಲ್ದೆ ನೀವು ಹೇಗಿರ್ತೀರಿ ಅಂತ ನಂಗೆ ನಿದ್ದೆ ಇಲ್ಲ ರೀ."

"ಭಯ ಇದೆ. ಆದ್ರೆ ಕಿಟ್ಟಿನ ಬಿಡೋಷ್ಟಲ್ಲ."

ಹೋಕನ್ ಮತ್ತು ಬರ್ಟಿಲ್ ಒಂದಕ್ಷರ ತಿಳಿಯದೆ ಬೂಟು ನೋಡುತ್ತಾ ನಿಂತಿದ್ದರು. ಗಂಡಹೆಂಡಿರ ಮಾತಿನ ಮಧ್ಯೆ ಸ್ವೀಡನ್ನಿನವರು ಮೂಗು ತೂರಿಸುವುದಿಲ್ಲ, ಆ ಒಂದು ಗುಣಕ್ಕೆ ನಾನು ಈ ದೇಶಕ್ಕೆ ಋಣಿ. ಇವರು ಎದ್ದು ಹೋಕನ್‌ನ ಕೈ ಹಿಡಿದು, ಕ್ಷಮಿಸಿ, ಅಷ್ಟು ದೂರದಿಂದ ಬರಿಸಿದೆ, ಈ ವಿಮಾನ ಮಾರಾಟಕ್ಕಿಲ್ಲ ಎಂದರು. ಅವನು ನನ್ನ ಮುಖ ನೋಡಿದ, ಕಿಟ್ಟಿಯ ಮುಖ ನೋಡಿದ. ಅರ್ಥವಾಗುತ್ತದೆ ಎಂದ. ಏನು ಅರ್ಥವಾಯಿತೋ. ಬರ್ಟಿಲ್ ಅವನನ್ನು ಕಾಫಿಗೆ ಕರೆದುಕೊಂಡು ಹೋದರು.

ಆ ತೂತನ್ನು ಮೆಕ್ಯಾನಿಕ್ ಬಂದು ಶುದ್ಧ ಮಾಡಿ ಪರೀಕ್ಷಿಸುವ ತನಕ ಹಾರುವಂತಿರಲಿಲ್ಲ. ಇವರು ಬಿಲ್ಲೆಯ ಸುತ್ತಲಿನ ಕಪ್ಪನ್ನು ಮಾತ್ರ ಮೆಲ್ಲಗೆ ಬಟ್ಟೆಯಿಂದ ಒರೆಸಿದರು. ಒರೆಸುವಾಗ ಆ ಹಳೇ ಕಳೆ ಮುಖಕ್ಕೆ ಬಂದಿತ್ತು. ಈ ಸಲ ನನಗೆ ಹೊಟ್ಟೆಕಿಚ್ಚಾಗಲಿಲ್ಲ.

"ಬರ್ಟಿಲ್ ಜೊತೆ ಹೋದಾಗ ಹಿಂದೆ ಎರಡು ಸೀಟು ಖಾಲಿ ಇರುತ್ತೆ," ಎಂದರು ಇವರು, ಅತ್ತ ತಿರುಗಿಕೊಂಡೇ.

ನಾನು ಬರುವುದಿಲ್ಲ ಎನ್ನಲಿಲ್ಲ.

"ಆ ಡಬ್ಬಿ ಕೊಡು."

ಕೊಟ್ಟೆ. ಬೆರಳ ತುದಿಗೆ ಕಾಡಿಗೆ ತಗೊಂಡು, ಬಿಲ್ಲೆಯಿಂದ ಒಂದು ಗೇಣು ಹಿಂದೆ, ಬಾಗಿಲ ಹತ್ತಿರ, ಏನೂ ತೂತಿಲ್ಲದ ಬಿಳಿ ಜಾಗದ ಮೇಲೆ ಹಿಡಿದರು. ಮಗಳಿಗೆ ಬೊಟ್ಟಿಡುವಾಗ ಎಂದೂ ಹತ್ತಿರ ಬರದಿದ್ದ ಮನುಷ್ಯ.

"ಇಲ್ಲಿ ಇಡ್ಲಾ?"

"ನಿಮ್ಮಿಷ್ಟ," ಎಂದೆ. ಈ ಸಲ ಇವರು ತಲೆಯೆತ್ತಿ ನನ್ನ ಮುಖ ನೋಡಿದರು, ಆಮೇಲೆ ಇಟ್ಟರು.